ಡ್ರಮ್ಮಿನ ವಯಸ್ಸು ಕೇಳಿದಾಗ ನಾನು ಹೇಳಿದ್ದು

ಹಳೆಯ ಡ್ರಮ್ಮಿನ ವಯಸ್ಸು ತಿಳಿಯಬೇಕಾದರೆ ಮೊದಲು ಮೂಸಿ ನೋಡಬೇಕು. ಗಾಳಿ ಓಡಾಡಲೆಂದು ಅದರ ಪಕ್ಕೆಯಲ್ಲಿ ಬೆರಳ ತುದಿಯಷ್ಟು ಒಂದು ತೂತು ಇರುತ್ತದೆ. ಅಲ್ಲಿ ಮೂಗಿಟ್ಟು ಕಣ್ಣು ಮುಚ್ಚಿದರೆ ಒಳಗಿನ ಗಾಳಿ ಬರುತ್ತದೆ. ಸೀಮೆಯಿಂದ ಹಡಗಿನಲ್ಲಿ ಬಂದದ್ದಾದರೆ ಹಳೆಯ ಬೀರುವಿನ ಬಾಗಿಲು ತೆರೆದ ಹಾಗೆ, ಮೇಣದ, ಸ್ವಲ್ಪ ಸಿಹಿಯಾದ ವಾಸನೆ. ಇಲ್ಲೇ ನಕಲು ಮಾಡಿದ್ದಾದರೆ ಬರೀ ಅಂಟಿನ ವಾಸನೆ. ಎಷ್ಟೋ ಸಲ ನಾನು ಹಾಗೆ ಮೂಗಿಟ್ಟು ಕೂತವನು ಮರೆತೇ ಕೂತಿದ್ದೇನೆ. ಯಾರೋ ಭುಜ ಅಲ್ಲಾಡಿಸಿ ಎಬ್ಬಿಸಿದ್ದಾರೆ.

ಆಮೇಲೆ ಕಣ್ಣು. ಡ್ರಮ್ಮಿನ ಮೈಗೆ ಮುತ್ತಿನ ಹೊಳಪಿನ ಹಾಳೆ ಸುತ್ತಿದ್ದರೆ ಅದರ ಬಿಳುಪು ವರ್ಷಗಳು ಕಳೆದ ಹಾಗೆ ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಒಂದು ಸ್ಕ್ರೂ ಬಿಚ್ಚಿ ಲೋಹದ ತುಂಡನ್ನು ಎತ್ತಿದರೆ ಅಡಿಯಲ್ಲಿ ಮೊದಲ ದಿನದ ಬಿಳುಪು ಹಾಗೇ ಮಲಗಿರುತ್ತದೆ. ಲೋಹದ ಹೊಳಪು ನೀಲಿಗಿದ್ದರೆ ಕ್ರೋಮು, ಈಚಿನದು. ಬೆಚ್ಚಗೆ ಹಳದಿಗಿದ್ದರೆ ನಿಕ್ಕಲ್ಲು, ಹಳೆಯದು. ಈಗಿನ ಪ್ಲಾಸ್ಟಿಕ್ ತೊಗಲು ಆ ಕಾಲದ ಇಂಗ್ಲಿಷ್ ಡ್ರಮ್ಮಿಗೆ ಕೂರುವುದಿಲ್ಲ, ಒಂದು ನೂಲು ಹೆಚ್ಚುಕಡಿಮೆ ಬರುತ್ತದೆ. ಎಲ್ಲ ಆದ ಮೇಲೆ ತೊಗಲು ಬಿಚ್ಚಿ ಒಳಗೆ ನೋಡಬೇಕು. ಮಾಡಿದವರ ಮುದ್ರೆಯೋ, ರಿಪೇರಿ ಮಾಡಿದವನ ಪೆನ್ಸಿಲ್ ಗೀಟೋ ಅಲ್ಲಿ ಇದ್ದೇ ಇರುತ್ತದೆ.

ಈ ಕೆಲಸಕ್ಕೆ ಚಿನ್ನದ ಗಣಿಯ ಊರಾದ ಊರಿಗಾಂನಲ್ಲಿ ನನ್ನ ಹೆಸರು ಹೇಳುತ್ತಾರೆ. ಗಣಿ ಮುಚ್ಚಿದ ಮೇಲೆ ಬಂಗಲೆಗಳ ಅಟ್ಟದಿಂದ, ಚರ್ಚಿನ ಹಿಂದಿನ ಕೋಣೆಯಿಂದ, ಮದುವೆ ಬ್ಯಾಂಡಿನವರ ಮನೆಗಳಿಂದ ಡ್ರಮ್ಮುಗಳು ಒಂದೊಂದಾಗಿ ಹೊರಬಿದ್ದವು. ಕೊಳ್ಳುವವರು ಬಂದು ವಯಸ್ಸು ಕೇಳಿದರೆ ನಾನು ಹೇಳುತ್ತಿದ್ದೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತಿದ್ದೆ. ಒಂದೇ ಒಂದು ಡ್ರಮ್ಮಿನ ವಿಷಯದಲ್ಲಿ, ಗಣಿ ಇನ್ನೂ ನಡೆಯುತ್ತಿದ್ದ ಕಾಲದಲ್ಲಿ, ಗೊತ್ತಿದ್ದೂ ಬೇರೆ ಹೇಳಿದೆ. ಅದರಿಂದ ಒಬ್ಬ ಮನುಷ್ಯ ನಲವತ್ತು ವರ್ಷಕ್ಕೂ ಹೆಚ್ಚು ಕಳ್ಳನೆನಿಸಿಕೊಂಡು ಬದುಕಿದ.

ಅವನು ನನ್ನ ಗೆಳೆಯ. ಬಂಗಾರಪೇಟೆ ಹತ್ತಿರದ ಹಳ್ಳಿಯವನು. ಅವನ ಅಪ್ಪ, ತಾತ ವಾಲಗದಲ್ಲಿ ಡೋಲು ಬಾರಿಸುತ್ತಿದ್ದವರು. ಅವನಿಗೆ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಒಳಕ್ಕಿಳಿಯುವ ಕೆಲಸ. ನಾನು ಹತ್ತನೇ ಕ್ಲಾಸು ಪಾಸಾಗಿದ್ದರಿಂದ ನನಗೆ ಮೇಲೆಯೇ, ಬಿಲ್ಲೆ ಕೊಡುವ ಕಿಟಕಿಯಲ್ಲಿ ಕೆಲಸ. ಗಣಿಗೆ ಇಳಿಯುವ ಪ್ರತಿಯೊಬ್ಬನಿಗೂ ಅವನ ಅಂಕಿ ಕೊರೆದ ಒಂದು ಹಿತ್ತಾಳೆ ಬಿಲ್ಲೆ. ಇಳಿಯುವಾಗ ನನ್ನಿಂದ ತೆಗೆದುಕೊಳ್ಳಬೇಕು, ಹತ್ತಿ ಬಂದಾಗ ಹಿಂದಿರುಗಿಸಬೇಕು. ಗೋಡೆಯ ಹಲಗೆಯಲ್ಲಿ ಮೊಳೆ ಖಾಲಿಯಿದ್ದರೆ ಆ ಮನುಷ್ಯ ಇನ್ನೂ ಭೂಮಿಯೊಳಗಿದ್ದಾನೆ ಎಂದು ಅರ್ಥ.

ಚಳಿಗಾಲದ ಬೆಳಿಗ್ಗೆ ಮಂಜಿನಲ್ಲಿ ಅವರೆಲ್ಲ ಸಾಲಾಗಿ ಬರುತ್ತಿದ್ದರು. ಮುಖ ಕಾಣುತ್ತಿರಲಿಲ್ಲ, ಹಣೆಯ ದೀಪ ಮಾತ್ರ ಹತ್ತಿಯಲ್ಲಿ ಸುತ್ತಿಟ್ಟ ಹಾಗೆ ಕಾಣುತ್ತಿತ್ತು. ಕಿಟಕಿಯೊಳಗೆ ಕೈಗಳು ಬರುತ್ತಿದ್ದವು, ಹೋಗುತ್ತಿದ್ದವು. ಒಂದು ಕೈ ಮಾತ್ರ ಬಿಲ್ಲೆ ಹಿಡಿಯುವ ಮೊದಲು ಕಿಟಕಿಯ ಕಟ್ಟೆಯ ಮೇಲೆ ನಾಲ್ಕು ಏಟು ಬಾರಿಸುತ್ತಿತ್ತು. ಅದು ಅವನದು. ಈಗಲೂ ಬೆಳಗಿನ ಜೊಂಪಿನಲ್ಲಿ ಆ ಕೈ ಬರುತ್ತದೆ.

ಗಣಿ ಕೆಲಸಗಾರರ ಮನೆಸಾಲುಗಳ, ಅಂದರೆ ಲೈನುಗಳ ಆಚೆ ಗಣಿಯದೇ ಒಂದು ಸಣ್ಣ ಕ್ಲಬ್ಬಿತ್ತು, ಹೆಸರು ಬೇಡ. ಅದರ ಬ್ಯಾಂಡ್ ಮಾಸ್ಟರ್ ಒಬ್ಬ ಆಂಗ್ಲೋ ಇಂಡಿಯನ್ ಮುದುಕರು. ಪ್ರತಿ ಡಿಸೆಂಬರಿನಲ್ಲಿ ಅಲ್ಲಿ ಜೋಡಿ ಕುಣಿತ ಏರ್ಪಡುತ್ತಿತ್ತು. ಅವರು ನನ್ನ ಗೆಳೆಯನ ಕೈ ನೋಡಿ ಕರೆದು ಡ್ರಮ್ಮಿನ ಮುಂದೆ ಕೂರಿಸಿದರು. ನನಗೆ ಕಾಳು ತುಂಬಿದ ಎರಡು ಬುರುಡೆ ಕೊಟ್ಟು ಅಲ್ಲಾಡಿಸು ಎಂದರು. ಅವನ ಬೆನ್ನ ಹಿಂದೆ ನಿಂತು ವರ್ಷಗಟ್ಟಲೆ ಅಲ್ಲಾಡಿಸಿದೆ. ಕುಣಿಯುವವರೆಲ್ಲ ಅವನ ಕಡೆ ನೋಡುತ್ತಿದ್ದರು. ನನಗೆ ಕಾಣುತ್ತಿದ್ದದ್ದು ಅವನ ಕುತ್ತಿಗೆ.

ಗಣಿಯ ಆಡಳಿತ ಕಂಪನಿಯ ಕೈಯಿಂದ ಸರ್ಕಾರಕ್ಕೆ ಬದಲಾಗುವುದಕ್ಕೆ ಸ್ವಲ್ಪ ಮುಂಚೆ ಮಾಸ್ಟರ್ ಸಂಸಾರ ಕಟ್ಟಿಕೊಂಡು ಸಮುದ್ರದಾಚೆಗೆ ಹೊರಟರು. ಹೊರಡುವ ದಿನ ತಮ್ಮ ಸ್ವಂತ ಡ್ರಮ್ ಸೆಟ್ಟನ್ನು ಅವನಿಗೆ ಕೊಟ್ಟರು. ಕಾಗದವಿಲ್ಲ, ಸಾಕ್ಷಿಯಿಲ್ಲ. ನಾನು ಡ್ಯೂಟಿಯಲ್ಲಿದ್ದೆ. ಸಂಜೆ ಅವನೇ ಬಂದು ಹೇಳಿದ. ಸಂತೋಷಕ್ಕೆ ಅವನ ಮಾತು ತೊದಲುತ್ತಿತ್ತು. ನಾನೂ ಸಂತೋಷಪಟ್ಟೆ ಎಂದೇ ಅಂದುಕೊಂಡಿದ್ದೆ.

ಅವನ ಮನೆತನದಲ್ಲಿ ಒಂದು ಕಟ್ಟಳೆಯಿತ್ತು. ಬಾರಿಸುವವನು ವಾದ್ಯದ ಹೊಟ್ಟೆಯೊಳಗೆ ನೋಡಬಾರದು. ನೋಡಿದರೆ ನಾದ ಇಳಿದುಹೋಗುತ್ತದೆ. ತೊಗಲು ಹಾಕುವವನು ಬೇರೆ ಇರಬೇಕು, ಒಳಗೆ ಕಂಡದ್ದನ್ನು ಅವನು ಬಾರಿಸುವವನಿಗೆ ಹೇಳಲೂಬಾರದು. ಡೋಲಿನ ಕಟ್ಟಳೆಯನ್ನು ಅವನು ಇಂಗ್ಲಿಷ್ ಡ್ರಮ್ಮಿಗೂ ಹಾಕಿದ. ಸೆಟ್ಟಿನ ಸೈಡ್ ಡ್ರಮ್ಮಿನ, ಅಂದರೆ ಅಡಿಯಲ್ಲಿ ತಂತಿ ಕಟ್ಟಿದ ಸಣ್ಣ ಡ್ರಮ್ಮಿನ, ತೊಗಲು ಹರಿದಾಗಲೆಲ್ಲ ನನ್ನ ಮನೆಗೆ ತರುತ್ತಿದ್ದ. ನಾನು ಬಿಚ್ಚುವಾಗ ಬೇಲಿಯ ಕಡೆ ಮುಖ ಮಾಡಿ ಬೀಡಿ ಸೇದುತ್ತಾ ನಿಲ್ಲುತ್ತಿದ್ದ.

"ಆಯ್ತೇನ್ಲಾ?"

"ಇನ್ನೂ ಇಲ್ಲ ಕಣೋ. ತಿರುಗ್ಬೇಡ, ಒಳಗೊಂದು ಹೆಣ್ಣು ಬಟ್ಟೆ ಬದಲಾಯಿಸ್ತಾವ್ಳೆ."

"ಬಿಕ್ನಾಸಿ, ನಿನ್ನೆಂಡ್ರಿಗೆ ಏಳ್ತೀನಿ ತಾಳು."

ಒಳಗೆ ಇದ್ದದ್ದು ಹೆಣ್ಣಲ್ಲ, ಬರಹ. ಮಾಸ್ಟರ್ ಪ್ರತಿ ಸಲ ತೊಗಲು ಬದಲಿಸಿದಾಗ ಕೆಂಪು ಮರದ ಮೇಲೆ ಪೆನ್ಸಿಲಿನಲ್ಲಿ ತಾರೀಕು, ಇಸವಿ ಬರೆದು ಸಹಿ ಮಾಡಿದ್ದರು. ಏಳು ಸಾಲು ಇಂಗ್ಲಿಷು. ಮೊದಲ ಸಾಲು ನಾವಿಬ್ಬರೂ ಹುಟ್ಟುವುದಕ್ಕೆ ಮುಂಚಿನದು. ಅದರ ಕೆಳಗೆ ನಾನು ಕನ್ನಡದಲ್ಲಿ ನನ್ನ ಸಾಲು ಸೇರಿಸತೊಡಗಿದೆ. ಬಿಸಿಲು ತಿರುಗಿ ಒಳಗೆ ಬಿದ್ದಾಗ ಆ ಅಕ್ಷರಗಳು ಬಾವಿಯ ತಳದಲ್ಲಿ ಕಂಡ ಹಾಗೆ ಕಾಣುತ್ತಿದ್ದವು. ಹೊಸ ಆಡಿನ ತೊಗಲನ್ನು ಮೇಲೆ ಎಳೆದು ಬಿಗಿದರೆ ಮತ್ತೆ ಕತ್ತಲೆ.

ಒಂದು ಸಲ ಅದರ ಗಾಳಿಯ ತೂತಿಗೆ ಹೊಡೆದಿದ್ದ, ಡ್ರಮ್ ಮಾಡಿದ ಕಂಪನಿಯ ಬಿಲ್ಲೆ ಕಳಚಿ ಕಳೆದುಹೋಯಿತು. ಬರೀ ತೂತು ನೋಡಿ ಅವನು ಪೇಚಾಡಿದ. ಆಗ ಗಣಿಯಲ್ಲಿ ಹೊಸ ಆಡಳಿತದ ಹೊಸ ಬಿಲ್ಲೆಗಳು ಬಂದಿದ್ದವು. ಅಂಕಿ ತಪ್ಪಾಗಿ ಬಿದ್ದಿದ್ದ ಒಂದನ್ನು ಕರಗಿಸುವ ಡಬ್ಬಿಗೆ ಹಾಕುವ ಬದಲು ನಾನು ಜೇಬಿಗೆ ಹಾಕಿಕೊಂಡು ಬಂದೆ. ಅದರ ನಡುವಿನ ತೂತು ಡ್ರಮ್ಮಿನ ತೂತಿಗೆ ಸರಿಯಾಗಿ ಕೂತಿತು. ನಾನೇ ಎರಡು ಮೊಳೆ ಹೊಡೆದೆ. ಬಿಲ್ಲೆಯನ್ನು ಹೊರಗೆ ಒಯ್ಯುವುದು ಕೆಲಸ ಕಳೆಯುವಂಥ ತಪ್ಪು, ಅದು ಇಬ್ಬರಿಗೂ ಗೊತ್ತಿತ್ತು.

ಕೆಲವು ವರ್ಷ ಕಳೆದು ಕ್ಲಬ್ಬಿಗೆ ಹೊಸ ಕಾರ್ಯದರ್ಶಿ ಬಂದರು. ಆಡಳಿತ ಬದಲಾದ ಮೇಲೆ ಕ್ಲಬ್ಬು ಒಂದು ಡ್ರಮ್ ಸೆಟ್ ಕೊಂಡಿತ್ತು, ಅದು ಎಲ್ಲಿ ಹೋಯಿತೋ ಯಾರಿಗೂ ತಿಳಿಯದು. ಅದನ್ನೇ ಗೆಳೆಯ ಮನೆಯಲ್ಲಿಟ್ಟುಕೊಂಡಿದ್ದಾನೆ ಎಂದು ಯಾರೋ ಕಿವಿಯೂದಿದರು. ಒಂದು ಭಾನುವಾರ ಮಧ್ಯಾಹ್ನ ಅವನ ಸೆಟ್ಟನ್ನು ತರಿಸಿ ಕ್ಲಬ್ಬಿನ ಮೇಜಿನ ಮೇಲೆ ಇಡಿಸಿದರು. ನನ್ನನ್ನೂ ಕರೆಸಿದರು. ಸುತ್ತ ಹತ್ತು ಹನ್ನೆರಡು ಜನ.

"ನೋಡಪ್ಪಾ," ಎಂದರು ಕಾರ್ಯದರ್ಶಿ ನನಗೆ, "ಮಾಸ್ಟರ್ ಹೋಗಿದ್ದು ಆಡಳಿತ ಬದಲಾಗೋ ಮುಂಚೆ. ಇದು ಅದಕ್ಕಿಂತ ಹಳೇದಾದ್ರೆ ಅವರದ್ದು, ಇವನಿಗೆ ಕೊಟ್ಟಿರಬಹುದು. ಆಮೇಲಿಂದಾದ್ರೆ ಕ್ಲಬ್ಬಿಂದು. ನೀನು ಹೇಳು."

ಗೆಳೆಯ ನಕ್ಕ. "ಕೇಳಿ ಸಾ, ಕೇಳಿ. ಅದ್ರ ಒಟ್ಟೆ ಒಳಗೆ ನೋಡಿರೋನು ಇವನೊಬ್ನೇ. ಕಟ್ಕೊಂಡೋಳ್ನ ಬೇಕಾರೂ ಅನುಮಾನ ಪಟ್ಟೇನು, ಇವನ್ನ ಪಡಲ್ಲ."

ಎಲ್ಲರೂ ನಕ್ಕರು. ನಾನು ಬಗ್ಗಿ ತೂತಿಗೆ ಮೂಗಿಟ್ಟೆ. ಹಳೆಯ ಬೀರುವಿನ ವಾಸನೆ ಬಂತು. ಆ ವಾಸನೆಯಲ್ಲಿ ಕಣ್ಣು ಮುಚ್ಚಿದಾಗ ಏನಾಯಿತೋ ಸರಿಯಾಗಿ ಹೇಳಲಾರೆ. ಡಿಸೆಂಬರಿನ ಆ ಹಜಾರ ಕಂಡಿತು. ಬಣ್ಣದ ಕಾಗದದ ಮಾಲೆಗಳು, ತಿರುಗುವ ಜೋಡಿಗಳು, ಡ್ರಮ್ಮಿನ ಮುಂದೆ ಕೂತವನು. ಅವನ ಕುತ್ತಿಗೆಯಲ್ಲ, ಮುಖ. ಮುಖ ನನ್ನದಾಗಿತ್ತು.

"ಬಿಲ್ಲೆ ಹೊಸ ಆಡಳಿತದ್ದು ಸಾರ್," ಎಂದೆ.

"ಒಳಗೆ ಏನಾದ್ರೂ ಬರೆದಿದೆಯಾ?"

"ಒಳಗೆ ಬರೀ ಮರ ಸಾರ್."

ಅಷ್ಟೇ ಸಾಕಾಯಿತು. ನಮ್ಮ ಊರಿನಲ್ಲಿ ಹುಟ್ಟಿ ಬೆಳೆದವರಿಗೆ ಬಿಲ್ಲೆಯೆಂದರೆ ಕೊನೆಯ ಮಾತು. ಮನುಷ್ಯ ಸತ್ತನೋ ಬದುಕಿದನೋ ಎಂಬುದನ್ನೇ ಅದನ್ನು ನೋಡಿ ತೀರ್ಮಾನಿಸುತ್ತಿದ್ದ ಜನ. ಬಿಲ್ಲೆ ಇರುವ ವಸ್ತು ಗಣಿಯದು, ಬಿಲ್ಲೆಯ ವಯಸ್ಸೇ ವಸ್ತುವಿನ ವಯಸ್ಸು. ಯಾರೊಬ್ಬರೂ ಆ ಎರಡು ಮೊಳೆಗಳನ್ನು ನೋಡಲಿಲ್ಲ, ತೊಗಲು ಬಿಚ್ಚಿ ನೋಡೋಣ ಎನ್ನಲೂ ಇಲ್ಲ.

ಗೆಳೆಯ ನನ್ನ ಕಡೆ ತಿರುಗಿದ. "ಲೇ, ಬಿಲ್ಲೆ ನೀನೇ ಅಲ್ವೇನ್ಲಾ..."

ಕಾರ್ಯದರ್ಶಿ ತಡೆದರು. "ಏನು? ಬಿಲ್ಲೆ ಕ್ಲರ್ಕೇ ಬಿಲ್ಲೆ ಕದ್ದು ನಿನಗೆ ತಂದುಕೊಟ್ಟ ಅಂತೀಯಾ?"

ಅವನು ನನ್ನನ್ನು ನೋಡಿದ. ನನ್ನ ಕೆಲಸ ಹೋಗುತ್ತದೆ ಎಂಬುದು ಅವನಿಗೆ ಹೊಳೆಯಿತು. ಹೊಳೆದದ್ದು ಅವನ ಕಣ್ಣಿನಲ್ಲೇ ಕಂಡಿತು. ತಲೆ ತಗ್ಗಿಸಿ, "ಇಲ್ಲ ಸಾ. ಎಲ್ಲೋ ಬಿದ್ದಿತ್ತು, ನಾನೇ ಮೊಳೆ ಒಡ್ಕೊಂಡೆ," ಎಂದ.

ಗಣಿಯ ಬಿಲ್ಲೆ ಎತ್ತಿಕೊಂಡವನು ಡ್ರಮ್ಮನ್ನು ಬಿಟ್ಟಾನೆಯೇ ಎಂದರು ಸುತ್ತ ನಿಂತವರು. ಪೊಲೀಸಿನವರೆಗೆ ಹೋಗಲಿಲ್ಲ. ಸೆಟ್ಟು ಕ್ಲಬ್ಬಿನಲ್ಲೇ ಉಳಿಯಿತು. ಡ್ರಮ್ ಕಳ್ಳ ಎಂಬ ಹೆಸರು ಅವನಿಗೆ ಉಳಿಯಿತು. ಆ ವರ್ಷದ ಡಿಸೆಂಬರಿನ ಸಂಜೆ ಡ್ರಮ್ಮಿನ ಮುಂದೆ ಕೂತವನು ನಾನು. ನಾದ ಇಳಿದುಹೋಗಿತ್ತು, ಕೈ ನಡುಗಿತು ಎಂದು ಬರೆದರೆ ಓದುವವರಿಗೆ ಸಮಾಧಾನವಾಗಬಹುದು. ಹಾಗೇನೂ ಆಗಲಿಲ್ಲ. ನಾನು ಚೆನ್ನಾಗಿ ಬಾರಿಸಿದೆ. ಜನ ಚಪ್ಪಾಳೆ ತಟ್ಟಿದರು. ಅವರು ತಿರುಗಿ ತಿರುಗಿ ಕುಣಿಯುವಾಗ ಹಜಾರವೇ ಮೆಲ್ಲಗೆ ನೀರಿನ ಮೇಲೆ ತೇಲುತ್ತಿದೆ ಅನ್ನಿಸಿತ್ತು. ನನ್ನ ಜೀವನದ ಅತ್ಯಂತ ಸುಖದ ಸಂಜೆ ಅದು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಅವನು ಬೇಗನೆ ಗಣಿ ಬಿಟ್ಟು ಬಂಗಾರಪೇಟೆಗೆ ಹೋದ. ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತ. ಮತ್ತೆ ಯಾವ ವಾದ್ಯವನ್ನೂ ಮುಟ್ಟಲಿಲ್ಲ ಎಂದು ಕೇಳಿದೆ. ಅಲ್ಲಿಗೂ ಇಲ್ಲಿಗೂ ಅರ್ಧ ಗಂಟೆಯ ರೈಲು. ನಾನು ಹೋಗಲಿಲ್ಲ.

ಕಳೆದ ಮಾಗಿಯಲ್ಲಿ ಬೆಂಗಳೂರಿನಿಂದ ಒಬ್ಬ ಹೆಣ್ಣುಮಗಳು ಕಾರಿನಲ್ಲಿ ಬಂದಳು. ಹಳೆಯ ಡ್ರಮ್ ಸೆಟ್ಟುಗಳನ್ನು ಕೊಂಡು ಸರಿಮಾಡುವುದು ಅವಳ ಕೆಲಸ. ಮುಚ್ಚಿದ ಕ್ಲಬ್ಬಿನ ಗುಜರಿಯಲ್ಲಿ ಸಿಕ್ಕಿತೆಂದು ಒಂದು ಸೆಟ್ಟನ್ನು ನನ್ನ ಜಗಲಿಯ ಮೇಲೆ ಇಳಿಸಿದಳು. ಹಾಳೆ ಚಹಾದ ಬಣ್ಣ. ತೂತಿನ ಮೇಲೆ ಗಣಿಯ ಬಿಲ್ಲೆ.

"ತಾತಾ, ಎಷ್ಟು ವಯಸ್ಸಿರಬಹುದು? ಈ ಬಿಲ್ಲೆ ಮೇಲಿನ ನಂಬರ್ ಫ್ಯಾಕ್ಟರಿದು ಅಂದ್ಕೊಂಡೆ, ಯಾವ ಪಟ್ಟಿಲೂ ಸಿಗ್ಲಿಲ್ಲ. ಒಳಗೆ ಬೇರೆ ಇಂಗ್ಲಿಷಲ್ಲೂ ಕನ್ನಡದಲ್ಲೂ ತಾರೀಕು ಬರೆದಿದೆ, ಆದ್ರೆ ಮಾಡಿದ ವರ್ಷ ಯಾವುದೂಂತ ಇಲ್ಲ. ಕನ್ನಡ ಅಕ್ಷರ ಎಷ್ಟು ಮುದ್ದಾಗಿದೆ! ಯಾರದ್ದೋ ಗೊತ್ತಾದ್ರೆ ಯಜಮಾನರ ಹೆಸರು ಬರೆದು ಜೊತೇಲೇ ಇಡ್ತೀನಿ."

ಮುದ್ದಾದ ಅಕ್ಷರ ನನ್ನದು. ಅವಳಿಗೆ ನೀರು ಕೊಟ್ಟು ಎಲ್ಲ ಹೇಳಿದೆ. ಮೊದಲ ಸಲ ಬಾಯಿಬಿಟ್ಟು ಹೇಳಿದ್ದು, ಅದೂ ಪರಿಚಯವಿಲ್ಲದವಳಿಗೆ. ಅವಳ ಕಾಗದದಲ್ಲಿ ಮಾಸ್ಟರರ ಹೆಸರಿನ ಕೆಳಗೆ ಗೆಳೆಯನ ಹೆಸರು ಬರೆದುಕೊಟ್ಟೆ. ಅವಳು ಕಾಗದ ಮಡಿಸಿಟ್ಟು, "ಅವರಿಗೆ ಗೊತ್ತಾ ಇದು?" ಎಂದಳು. ಸೈಡ್ ಡ್ರಮ್ಮನ್ನು ಒಂದು ವಾರ ನನ್ನ ಬಳಿ ಬಿಟ್ಟು ಹೋದಳು.

ಮರುದಿನ ಅದನ್ನು ದುಪ್ಪಟಿಯಲ್ಲಿ ಸುತ್ತಿ ಊರಿಗಾಂನಲ್ಲಿ ರೈಲು ಹತ್ತಿದೆ. ಎದುರು ಕೂತ ಹೂವಿನ ಹೆಂಗಸು ಮಡಿಲಿನ ಗಂಟು ನೋಡಿ, "ಏನ್ ತಾತಾ, ಅಲಸಿನಣ್ಣಾ?" ಎಂದಳು. ಅಲ್ಲಮ್ಮಾ ಎಂದೆ. ಹೊರಗೆ ಚಿನ್ನ ತೆಗೆದು ಉಳಿದ ಮಣ್ಣಿನ ಸಯನೈಡ್ ದಿಬ್ಬಗಳು ಬಿಸಿಲಿಗೆ ಬೆಳ್ಳಗೆ, ದನ ಮಲಗಿದ ಹಾಗೆ ಮಲಗಿದ್ದವು. ರೈಲು ಹಳಿಯ ಕೀಲು ದಾಟಿದಾಗಲೆಲ್ಲ ಡ್ರಮ್ಮಿನ ಅಡಿಯ ತಂತಿಗಳು ನನ್ನ ತೊಡೆಯ ಮೇಲೆ ಸಣ್ಣಗೆ ಉಸಿರಾಡುತ್ತಿದ್ದವು. ಬಂಗಾರಪೇಟೆ ಬಾರದೇ ಇರಲಿ, ರೈಲು ಹೀಗೇ ಹೋಗುತ್ತಿರಲಿ ಅನ್ನಿಸಿತು. ಬಂದೇಬಿಟ್ಟಿತು.

ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಅವನ ಮನೆ. ಅವನು ಹೊರಗೆ ಬಿಸಿಲಿನಲ್ಲಿ ಕೂತಿದ್ದ, ಸೊಂಟದವರೆಗೆ ಕಂಬಳಿ. ಹೆಂಡತಿ ಅವರೆಕಾಯಿ ಸುಲಿಯುತ್ತಿದ್ದಳು. ಅವಳೇ ಮೊದಲು ಗುರುತಿಸಿದ್ದು. "ಬಾ ಅಣ್ಣಾ," ಎಂದು ಮೊರ ಸರಿಸಿ ಜಾಗ ಮಾಡಿದಳು.

ನಾನು ಗಂಟು ಬಿಚ್ಚಿದೆ. ಅವನು ಕೈ ಮುಂದೆ ಮಾಡಲಿಲ್ಲ. ಬಿಲ್ಲೆಯನ್ನು ನೋಡಿ ನಕ್ಕ.

"ಇದ್ರ ಮಾತಾಡಕ್ಕೆ ಬಂದ್ಯೇನ್ಲಾ? ಅದನ್ನ ಅವತ್ತೇ ಬಿಟ್ಟೆ. ನಿನ್ಗೆ ಕೆಲ್ಸದ ಭಯ, ಮಕ್ಕಳೊಂದಿಗ. ನಿನ್ನ ಜಾಗ್ದಲ್ಲಿ ನಾನಿದ್ರೂ ಅಂಗೇ ಏಳ್ತಿದ್ದೆ."

ಅಲ್ಲೇ ಎದ್ದು ಬಂದುಬಿಡಬಹುದಾಗಿತ್ತು. ಅವನು ನನಗಾಗಿ ಇಷ್ಟು ವರ್ಷ ಒಂದು ಕಾರಣ ಹೊಲಿದಿಟ್ಟಿದ್ದ, ನಾನು ಹಾಕಿಕೊಂಡರೆ ಸಾಕಾಗಿತ್ತು.

"ಬಿಲ್ಲೆ ಅಲ್ಲ ಕಣೋ," ಎಂದೆ. "ಒಳಗೆ ಬರೆದಿತ್ತು. ಮಾಸ್ಟರ್ ಬರೆದಿದ್ರು, ತಾರೀಕು ಸಮೇತ. ನಾನು ಎಷ್ಟೋ ಸಲ ಓದಿದ್ದೆ. ಓದಿದ್ದೂ ಬರೀ ಮರ ಅಂದೆ."

ಅವರೆಕಾಯಿ ಸುಲಿಯುವ ಸದ್ದು ನಿಂತಿತು.

"ಏನ್ ಬರೆದೈತೆ? ಓದು," ಎಂದ ಅವನು.

"ನೀನು ಕೇಳಬಾರದಲ್ಲ..."

"ನಾನೀಗ ಬಾರಿಸೋನಲ್ಲ. ಓದ್ಲಾ."

ಮೇಲಿನ ತೊಗಲಿರಲಿಲ್ಲ, ಬೆಂಗಳೂರಿನ ಆ ಹೆಣ್ಣುಮಗಳು ಬಿಚ್ಚಿದ್ದಳು. ಬಿಸಿಲಿಗೆ ಹಿಡಿದು ಒಂದೊಂದೇ ಸಾಲು ಓದಿದೆ. ಇಂಗ್ಲಿಷಿನ ಏಳನೆಯ ಸಾಲು ಮಾಸ್ಟರ್ ಹೊರಡುವುದಕ್ಕೆ ಒಂದು ವಾರ ಮುಂಚಿನದು. "ಅವತ್ತು ನಾನೇ ಬಕೀಟಲ್ಲಿ ತೊಗಲು ನೆನೆಯಾಕಿದ್ದೆ," ಎಂದ ಅವನು, ಯಾರಿಗೋ ಹೇಳುವಂತೆ. "ಅವರು ಒಳಗಿದ್ರು, ನಾನು ಆಚೆ ನಿಂತಿದ್ದೆ." ಆಮೇಲೆ ನನ್ನ ಸಾಲುಗಳನ್ನು ಓದಿದೆ. ಒಂದು ಅವನ ಮದುವೆಯ ಹಿಂದಿನ ದಿನದ್ದು. ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ. ಬಿಸಿಲು, ಕಾಯಿಯ ವಾಸನೆ, ಆ ತಾರೀಕುಗಳು. ಸ್ವಲ್ಪ ಹೊತ್ತು ನಾವು ಇಬ್ಬರೂ ಮತ್ತೆ ನನ್ನ ಮನೆಯ ಆ ಹಳೆಯ ಬೇಲಿಯ ಬಳಿ ಇದ್ದೆವೋ ಏನೋ.

"ಯಾಕ್ಲಾ?" ಎಂದ ಕೊನೆಗೆ.

"ನಿನ್ನ ಜಾಗದಲ್ಲಿ ಕೂತ್ಕೋಬೇಕು ಅನ್ನಿಸ್ತು."

"ಕೂತ್ಯಾ?"

"ಕೂತೆ."

"ಎಂಗಿತ್ತು?"

"ಚೆನ್ನಾಗಿತ್ತು."

ಅವನು ನಗಲು ಹೋಗಿ ಕೆಮ್ಮಿದ. ತುಂಬ ಹೊತ್ತು ಕೆಮ್ಮಿದ. "ಒಳ್ಳೇ ಡ್ರಮ್ಮು ಅದು," ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿ ಕಂಬಳಿ ಎಳೆದುಕೊಂಡ. ಕ್ಷಮಿಸಿದೆ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ.

ಮಾತಾಡಿದ್ದು ಅವನ ಹೆಂಡತಿ. ಅಣ್ಣಾ ಎನ್ನುವುದನ್ನು ಬಿಟ್ಟಿದ್ದಳು.

"ಇವ್ರಿಗೆ ಏಳ್ಬಿಟ್ಟೆ, ನಿಂದು ಅಗುರ ಆಯ್ತು. ನಾನು ಲೈನಿನ ನಲ್ಲಿ ಅತ್ರ ನೀರಿಗೆ ನಿಂತ್ರೆ ಏನಂತಿದ್ರು ಗೊತ್ತಾ? ಡ್ರಮ್ ಕಳ್ಳನ ಎಂಡ್ರು ಬಂದ್ಲು, ಬಿಂದಿಗೆ ಜೋಪಾನ ಅಂತ. ಇವ್ರು ಕಳ್ಳ ಅಲ್ಲ ಅಂತ ನಂಗೊತ್ತಿತ್ತು. ನಂಗೆ ಏಳಕ್ಕೆ ಬಂದ್ಯಾ? ಅಂದೋರಿಗೆ ಏಳು."

"ಬಹಳ ಜನ ಇಲ್ಲಮ್ಮಾ ಈಗ. ಸತ್ತವರು, ಊರು ಬಿಟ್ಟವರು..."

"ಇರೋರಿಗೆ ಏಳು. ನಾಳೆ ಬತ್ತೀನಿ. ಬಾಗ್ಲು ನಾನು ತಟ್ತೀನಿ."

ಹೇಳಿದ ಹಾಗೆ ಬೆಳಗಿನ ರೈಲಿಗೆ ಬಂದಳು, ಒಗೆದ ಸೀರೆ ಉಟ್ಟು. ಲೈನಿನಲ್ಲಿ ಆ ಕಾಲದವರಿದ್ದ ಮನೆಗಳು ಮೂರೇ ಉಳಿದಿದ್ದವು. ಅವಳು ಮುಂದೆ, ಡ್ರಮ್ಮು ಹಿಡಿದು ನಾನು ಹಿಂದೆ. ಮೊದಲ ಮನೆಯ ಮುದುಕ ಆ ಭಾನುವಾರ ಮೇಜಿನ ಸುತ್ತ ನಿಂತವರಲ್ಲಿ ಒಬ್ಬ. ಕೇಳಿ ಕೈ ಬೀಸಿದ. "ಈಗ್ಯಾಕಮ್ಮಾ ಅದೆಲ್ಲ? ಬಿಡಮ್ಮಾ, ಯಾವ ಕಾಲದ್ದೋ."

"ನಿಮ್ಗೆ ಬೇಡ ಇರ್ಬೋದು. ನಂಗೆ ಬೇಕು," ಎಂದಳು. ನಾನು ಡ್ರಮ್ಮಿನ ಒಳಗು ತೋರಿಸಿದೆ. ಅವನು ಕನ್ನಡಕ ತಂದು ಓದಿದ. ಆಮೇಲೆ ಅವಳ ಮುಖ ನೋಡಲಾರದೆ ಅಂಗಳದ ಕೋಳಿಯನ್ನು ಸುಮ್ಮಸುಮ್ಮನೆ ಓಡಿಸಿದ.

ಎರಡನೆಯ ಮನೆಯಲ್ಲಿ ಬಿಂದಿಗೆಯ ಮಾತು ಆಡಿದವಳು ಫೋಟೋ ಆಗಿದ್ದಳು. ಸೊಸೆ ಬಾಗಿಲು ತೆರೆದಳು. "ನಿಮ್ಮತ್ತೆಗೇ ಏಳ್ಬೇಕಿತ್ತು," ಎಂದು ಗೆಳೆಯನ ಹೆಂಡತಿ ಗೋಡೆಯ ಕಡೆ ಕೈ ತೋರಿದಳು. ನಾನು ಒಣಗಿದ ಹಾರದ ಹಿಂದಿನ ಆ ಮುಖಕ್ಕೆ ಹೇಳಿದೆ. ಸೊಸೆ ಸೆರಗು ಬಾಯಿಗೆ ಇಟ್ಟುಕೊಂಡು ನಿಂತಿದ್ದಳು, ನಗು ತಡೆಯುವುದಕ್ಕೋ ಏನೋ.

ಮೂರನೆಯ ಮನೆಯ ಅಜ್ಜಿಗೆ ಕಿವಿ ಮಂದ. ಹೊಸ್ತಿಲಲ್ಲೇ ಕೂತು ನಮ್ಮಿಬ್ಬರನ್ನೂ ಬಹಳ ಹೊತ್ತು ನೋಡಿದಳು. "ಎನ್ನ ಡ್ರಮ್ಮು? ಯಾವ ಕಳ್ಳ?" ಎಂದು ಅರ್ಧ ತಮಿಳಿನಲ್ಲಿ ಕೇಳಿದಳು. ಅವಳಿಗೆ ಏನೂ ನೆನಪಿರಲಿಲ್ಲ. ಅವನ ಮುಖವಿಲ್ಲ, ಹೆಸರಿಲ್ಲ.

ಇಲ್ಲಿ ಹೇಳುವ ಅಗತ್ಯವಿಲ್ಲ ಎಂದು ನಾನು ಗೆಳೆಯನ ಹೆಂಡತಿಯ ಕಡೆ ನೋಡಿದೆ. ಅವಳು ಚಪ್ಪಲಿ ಬಿಟ್ಟು ಅಜ್ಜಿಯ ಪಕ್ಕ ಜಗಲಿಯ ಮೇಲೆ ಕೂತಳು, ಕಾಲು ಮಡಿಸಿಕೊಂಡು.

"ಮೊದ್ಲಿಂದ ಏಳು," ಎಂದಳು. "ಗಟ್ಟಿಯಾಗಿ."

ನಾನು ನಿಂತೇ ಶುರುಮಾಡಿದೆ. ಗಟ್ಟಿಯಾಗಿ ಹೇಳಬೇಕಾದ್ದರಿಂದ ಎದುರು ಸಾಲಿನ ಬಾಗಿಲೊಂದು ತೆರೆಯಿತು, ಆಮೇಲೆ ಅದರ ಪಕ್ಕದ್ದು.